ಹೊಸ ವರ್ಷದ ಮೊದಲ ಕಾಲು

ಈ ಸಲದ ಟೆಟ್ ಹಬ್ಬದ ಬೆಳಿಗ್ಗೆ ನಮ್ಮ ಮನೆಯ ಹೊಸಿಲನ್ನು ಮೊದಲು ದಾಟುವವರು ಯಾರೆಂದು ನಾನು ಬಹಳ ಮುಂಚೆಯೇ ತೀರ್ಮಾನ ಮಾಡಿಟ್ಟಿದ್ದೆ. ಹೊಸ ವರ್ಷ ಹುಟ್ಟಿದ ಮೇಲೆ ಮೊದಲು ಒಳಗೆ ಬಂದವರ ಕಾಲ್ಗುಣವೇ ವರ್ಷವಿಡೀ ಆ ಮನೆಯನ್ನು ಆಳುವುದು. ಇದನ್ನು ಮೂಢನಂಬಿಕೆ ಅನ್ನುವವರು ಧಾರಾಳವಾಗಿ ಅನ್ನಲಿ. ಆರು ತಿಂಗಳ ಕೂಸು ಹೊಟ್ಟೆಯಲ್ಲೇ ಕಣ್ಣು ಮುಚ್ಚಿದ್ದು ಅವರ ಸೊಸೆಗಲ್ಲ, ನನ್ನ ಸೊಸೆ ಥೋವಾಗೆ.

ಅದಾಗಿ ಎರಡು ವರ್ಷವಾಯಿತು. ಆ ವರ್ಷ ನಮ್ಮನೆಗೆ ಮೊದಲು ಕಾಲಿಟ್ಟವಳು ಪಕ್ಕದ ಮನೆಯ ಲಿಯೆನ್. ಹಬ್ಬದ ಹಾರೈಕೆ ಹೇಳಲು ಬಂದಿದ್ದರೆ ಹಾಳಾಗಿ ಹೋಗಲಿ ಅಂದುಕೊಳ್ಳಬಹುದಿತ್ತು. ಅವಳು ಬಂದದ್ದು ತಪ್ಪಿಸಿಕೊಂಡ ಬಾತುಕೋಳಿಯನ್ನು ಹುಡುಕಿಕೊಂಡು! ಕಳೆದುಹೋದದ್ದನ್ನು ಹುಡುಕುತ್ತಾ ಬಂದವಳು ನಮ್ಮನೆಗೆ ಏನು ತಂದಾಳು? ಆ ಮಳೆಗಾಲದಲ್ಲೇ ಕೂಸು ಹೋಯಿತು. ಅಂದಿನಿಂದ ನಾನು ಲಿಯೆನ್ ಜೊತೆ ಮಾತು ಬಿಟ್ಟೆ. ಅವಳಿಗೆ ಹೇಳಬೇಕಾದದ್ದನ್ನೆಲ್ಲ ಬೇಲಿಯ ಈಚೆ ನಿಂತು ಅವಳ ಬಾತುಕೋಳಿಗಳಿಗೆ ಹೇಳುತ್ತಿದ್ದೆ.

ಹೋದ ವರ್ಷ ನಾನು ಎಚ್ಚರವಾಗಿದ್ದೆ. ಮಗ ಖಾಂಗ್‌ನನ್ನೇ ಹಳೆ ವರ್ಷದಲ್ಲಿ ಹೊರಗೆ ಕಳಿಸಿ, ಹೊಸ ವರ್ಷ ಹುಟ್ಟಿದ ಮೇಲೆ ಒಳಗೆ ಕರೆದುಕೊಂಡೆ. ಹೀಗೆ ಮನೆಯವರೇ ಹೊರಗೆ ಹೋಗಿ ಬಂದರೂ ಮೊದಲ ಕಾಲು ಅವರದೇ ಆಗುತ್ತದೆ. ವರ್ಷ ಚೆನ್ನಾಗಿಯೇ ಹೋಯಿತು, ಥೋವಾ ಮತ್ತೆ ಬಸುರಿಯಾದಳು. ಆದರೆ ಈ ಸಲದ ವರ್ಷಕ್ಕೂ ಅವನು ಹುಟ್ಟಿದ ವರ್ಷಕ್ಕೂ ಆಗಿಬರುವುದಿಲ್ಲ, ಎಣ್ಣೆ ಸೀಗೇಕಾಯಿ. ಹೆರಿಗೆಯೋ ಹಬ್ಬ ಕಳೆದು ಹುಣ್ಣಿಮೆ ದಾಟಿದ ಮೇಲೆ. ಈ ಕೂಸಾದರೂ ಕೈಗೆ ಬರಬೇಕಾದರೆ ಒಳ್ಳೆಯ ಕಾಲು ಬೇಕೇ ಬೇಕಿತ್ತು.

ಹಾಗಿರುವಾಗ ಕಾಲುವೆಯ ಆಚೆ ದಡದ ಶಾಲೆಯ ಕೋಣೆಗೆ ಪೋಲೆಂಡಿನ ಒಂದು ಸಂಸಾರ ಬಂದಿಳಿಯಿತು. ಗಂಡ ಮಾರೆಕ್, ನಮ್ಮ ಹಳೆಯ ಬಿದಿರು ಸೇತುವೆ ಕಿತ್ತು ಸಿಮೆಂಟಿನದು ಕಟ್ಟುತ್ತಿದ್ದ ಊರಿನವರ ಜೊತೆ ಪುಕ್ಕಟೆಯಾಗಿ ಜಲ್ಲಿ ಹೊರಲು ಬಂದವನು. ಹೆಂಡತಿ ಹಾನ್ಕಾ, ತನ್ನೂರಲ್ಲಿ ಹೆರಿಗೆ ಮಾಡಿಸುವ ನರ್ಸು. ಇಲ್ಲಿಯೂ ನಮ್ಮ ಆರೋಗ್ಯ ಕೇಂದ್ರಕ್ಕೆ ದಿನಾ ಹೋಗಿ ಬರುತ್ತಿದ್ದಳು. ದೊಡ್ಡ ಮಗಳು ಝೋಸ್ಯಾ, ಚಿಕ್ಕ ಮಗ ಯಾನೆಕ್. ಗಂಡ, ಹೆಂಡತಿ, ಹೆಣ್ಣೊಂದು, ಗಂಡೊಂದು. ನಾಲ್ವರಿಗೂ ಕೆಂಪು ಕೆನ್ನೆ, ಏನು ಹೇಳಿದರೂ ನಗು. ಇದಕ್ಕಿಂತ ತುಂಬಿದ ಸಂಸಾರ ಎಲ್ಲಿ ಸಿಕ್ಕೀತು? ನಾನು ಅಂಟಕ್ಕಿ ಕಡುಬು ತೆಗೆದುಕೊಂಡು ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ನೇರವಾಗಿ ಕೇಳಿಯೇಬಿಟ್ಟೆ. ನಮ್ಮ ಭಾಷೆಯನ್ನು ಗಿಳಿಯ ಹಾಗೆ ಕಲಿತುಬಿಟ್ಟಿದ್ದ ಝೋಸ್ಯಾ ಅಪ್ಪ ಅಮ್ಮನಿಗೆ ತಿಳಿಸಿ ಹೇಳಿದಳು. ಇಬ್ಬರೂ ಒಪ್ಪಿಕೊಂಡರು. ನಾನು ಕಾಲುವೆ ಉದ್ದಕ್ಕೂ ಡಂಗುರ ಸಾರಿದೆ. ಬಾತುಕೋಳಿಗಳಿಗೂ ಹೇಳಿದೆ.

ಹಬ್ಬದ ಬೆಳಿಗ್ಗೆ ಎಲ್ಲ ಸಜ್ಜಾಗಿತ್ತು. ಬಾಗಿಲ ಪಕ್ಕ ಹಳದಿ ಮಾಯ್ ಹೂವಿನ ಕೊಂಬೆ ಬಿರಿದು ನಿಂತಿತ್ತು. ಹಿರಿಯರ ಪೀಠದ ಮೇಲೆ ಎಳನೀರಲ್ಲಿ ಬೆಂದ ಹಂದಿಮಾಂಸ, ಹಾಗಲಕಾಯಿ ಸಾರು, ಕಲ್ಲಂಗಡಿ ಇಟ್ಟಿದ್ದೆ. ನಮ್ಮ ಯಜಮಾನರು ಫೋಟೋದೊಳಗಿಂದ ಎಂದಿನಂತೆ ನನ್ನನ್ನು ಕಂಡರೆ ಸ್ವಲ್ಪ ಹೆದರಿಕೆ ಎಂಬಂತೆ ನೋಡುತ್ತಿದ್ದರು. ಥೋವಾ ಹೊಸ ಅಂಗಿ ತೊಟ್ಟು, ದೊಡ್ಡ ಹೊಟ್ಟೆ ಹೊತ್ತು ಕುರ್ಚಿಯಲ್ಲಿ ಕೂತಿದ್ದಳು. ಬಾಗಿಲು ತೆರೆದಿಟ್ಟು, ಯಾರೂ ಹೊಸಿಲು ದಾಟದೆ, ಮೂವರೂ ಒಳಗೇ ಕಾದೆವು.

ಬಂದರು. ಪುಟ್ಟ ದೋಣಿಗೆ ಹುಟ್ಟು ಹಾಕಿಕೊಂಡು ನಾಲ್ವರೂ ಬಂದರು. ಬಂದವರು ಗೇಟಿನ ಹೊರಗೇ ನಿಂತುಬಿಟ್ಟರು.

"ಬನ್ನಿ, ಬನ್ನಿ! ನಿಮಗೇ ಕಾಯ್ತಿದ್ದೀವಿ!" ಎಂದು ನಾನು ಒಳಗಿಂದ ಕೂಗಿದೆ.

ನಾಲ್ವರೂ ತಲೆ ಬಾಗಿಸಿದರು. ಒಬ್ಬರಾದರೂ ಹೆಜ್ಜೆ ಎತ್ತಬಾರದೆ? ಊಹೂಂ. ಇನ್ನೊಮ್ಮೆ ಕರೆದೆ. ಮಾರೆಕ್ ನೆಲ ನೋಡಿದ. ಬೇಲಿಯ ಆಚೆ ಲಿಯೆನ್ ಹೂಕುಂಡಕ್ಕೆ ನೀರು ಹಾಕುವ ನೆಪದಲ್ಲಿ ನಿಂತಿದ್ದಳು.

"ಏನು ತಾಮಕ್ಕ, ನಿಮ್ಮ ಅದೃಷ್ಟ ಗೇಟಲ್ಲೇ ಕೆಟ್ಟು ನಿಂತಂಗಿದೆ! ತಳ್ಳೋಕೆ ಬರ್ಲಾ?" ಎಂದು ಕೂಗಿದಳು.

ನನ್ನ ಮೈ ಉರಿದುಹೋಯಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ನಾನು. ಊರೆಲ್ಲ ನೋಡುತ್ತಿರುವಾಗ, ಅದೂ ಲಿಯೆನ್ ನೋಡುತ್ತಿರುವಾಗ ನನ್ನ ಮರ್ಯಾದೆ ಕಳೆಯುತ್ತಾರಾ ಎಂದು ದಡದಡನೆ ಅಂಗಳ ದಾಟಿ ಗೇಟಿಗೆ ಹೋದೆ.

"ಏನ್ರೀ ಇದು! ಬರ್ತೀವಿ ಅಂದು ಈಗ ಬೀದಿಯಲ್ಲಿ ನಿಂತ್ರೆ ಹೇಗೆ? ನಮ್ಮನೆ ನಿಮಗೆ ಸಣ್ಣದಾಯ್ತಾ?"

ಝೋಸ್ಯಾ ಅಪ್ಪನ ಕೈ ಹಿಡಿದುಕೊಂಡಳು. "ಅಜ್ಜಿ, ಬೈಬೇಡಿ. ನಾವು ಒಳಗೆ ಬರಬಾರ್ದು. ನಮ್ಮ ಅಪ್ಪನ ಅಮ್ಮ ತೀರ್ಕೊಂಡ್ರು. ಊರಿಂದ ಮೊನ್ನೆ ಫೋನ್ ಬಂತು. ಹೋಗೋಕೆ ವಿಮಾನದಲ್ಲಿ ಜಾಗ ಸಿಗ್ಲಿಲ್ಲ."

ಸೊಂಟದ ಮೇಲಿಟ್ಟಿದ್ದ ಕೈಯನ್ನು ಕೆಳಗಿಳಿಸಿದೆ.

"ಸಾವಾದ ಮನೆಯವರು ಹಬ್ಬದಲ್ಲಿ ಬೇರೆಯವರ ಮನೆಗೆ ಹೋಗಬಾರ್ದು ಅಂತ ನಮ್ಮ ಟೀಚರ್ ಹೇಳಿಕೊಟ್ಟಿದ್ದಾರೆ. ಅದರಲ್ಲೂ ಥೋವಾ ಅಕ್ಕ ಇರೋ ಮನೆಗೆ..." ಎಂದು ಆ ಹುಡುಗಿ ತಡೆದಳು.

"ಹಾಗಾದ್ರೆ ಬಂದಿದ್ದು ಯಾಕಮ್ಮ?"

"ನೀವು ಬಾಗಿಲು ತೆಗೆದು ಕಾಯ್ತಾ ಕೂತಿರ್ತೀರಲ್ಲ. ಬೇರೆ ಯಾರನ್ನಾದ್ರೂ ಕರೀಲಿ, ಹೇಳಿಬಿಟ್ಟು ಬರೋಣ ಅಂತ ಅಪ್ಪ ಅಂದ್ರು."

ಹಬ್ಬದ ಹೊತ್ತಿನಲ್ಲಿ ವಿಮಾನದಲ್ಲಿ ಜಾಗ ಸಿಗದೆ ಹೆತ್ತ ತಾಯಿಯ ಮುಖ ನೋಡಲೂ ಹೋಗಲಾಗದವನು, ನನ್ನ ಸೊಸೆಯ ಕೂಸಿಗೆ ಕೆಡುಕಾಗಬಾರದೆಂದು ನನ್ನ ಗೇಟಿನ ಹೊರಗೆ ಅಪರಾಧಿಯ ಹಾಗೆ ನಿಂತಿದ್ದ. ನಾನೋ, ಸಂತೆಯಲ್ಲಿ ಮೀನು ಮಾರುವವಳ ಹಾಗೆ ಕಿರುಚಿದ್ದೆ. ಅವನ ಕೈ ಹಿಡಿದುಕೊಂಡೆ. ಸಿಮೆಂಟು ಕಲಸಿ ಕಲಸಿ ಒರಟಾದ ಕೈ.

ಅಷ್ಟರಲ್ಲಿ ಒಳಗಿಂದ ಖಾಂಗ್ ಕೂಗಿದ. "ಅಮ್ಮಾ! ಬೇಗ ಬಾಮ್ಮ! ಥೋವಾಗೆ ನೋವು ಬಂದಿದೆ! ನೆಲವೆಲ್ಲ ನೀರು!"

ಓಡಿದೆ. ಮೆಟ್ಟಿಲು ಹತ್ತಿ ಹೊಸಿಲ ಮೇಲೆ ಕಾಲೆತ್ತಿದೆ.

"ಅತ್ತೇ! ನಿಲ್ಲಿ! ಒಳಗೆ ಬರಬೇಡಿ!"

ಥೋವಾ ಕುರ್ಚಿಯ ತೋಳು ಹಿಡಿದು ಬಗ್ಗಿ ನಿಂತಿದ್ದಳು. ಮುಖ ಬೆವರಿತ್ತು. ಕಣ್ಣು ಮಾತ್ರ ನನ್ನ ಕಾಲಿನ ಮೇಲೆ. ಆಗ ನನಗೆ ಹೊಳೆಯಿತು. ಕೋಪದ ಭರದಲ್ಲಿ ನಾನು ಹೊಸಿಲು ದಾಟಿ ಹೊರಗೆ ಹೋಗಿಬಿಟ್ಟಿದ್ದೆ. ಈಗ ಒಳಗೆ ಬಂದರೆ ವರ್ಷದ ಮೊದಲ ಕಾಲು ನನ್ನದೇ! ಗಂಡ ಸತ್ತವಳು, ಸಾಲದ್ದಕ್ಕೆ ಹಬ್ಬದ ಬೆಳಿಗ್ಗೆಯೇ ಜಗಳ ಆಡಿ ಬಂದವಳು. ನಾನು ಎತ್ತಿದ ಕಾಲನ್ನು ಕೊಕ್ಕರೆಯ ಹಾಗೆ ಅಲ್ಲೇ ಹಿಡಿದುಕೊಂಡು ನಿಂತೆ.

"ಅಯ್ಯೋ, ನೋವು ತಿಂತಿದ್ದೀಯಲ್ಲೇ! ಕಾಲು ಗೀಲು ಆಮೇಲೆ ನೋಡೋಣ!" ಎಂದೆ. ಬಾಯಿ ಹಾಗೆಂದಿತೇ ಹೊರತು ಕಾಲು ಕೆಳಗಿಳಿಯಲಿಲ್ಲ.

"ಬೇಡ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಸಲ ಏನೂ ಆಗಬಾರ್ದು. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ," ಎಂದು ಅವಳು ಅತ್ತುಬಿಟ್ಟಳು.

ಹಾನ್ಕಾ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಅವಳೂ ಮೆಟ್ಟಿಲ ಮೇಲೆಯೇ ನಿಂತಳು, ಹೊಸಿಲು ಮುಟ್ಟಲಿಲ್ಲ. ಒಳಗೆ ನೋಡುತ್ತಾ ಏನೋ ಕೇಳಿದಳು. ಝೋಸ್ಯಾ ಅಂಗಳದಿಂದಲೇ ಕೂಗಿದಳು, "ಅಮ್ಮ ಕೇಳ್ತಿದ್ದಾರೆ, ನೀರು ಯಾವ ಬಣ್ಣ? ಕೂಸು ಒದೀತಿದೆಯಾ?"

"ಬಿಳಿ!" ಎಂದು ಖಾಂಗ್ ಒಳಗಿಂದ ಕೂಗಿದ.

"ಒದೀತಿದೆ, ಚೆನ್ನಾಗೇ ಒದೀತಿದೆ!" ಎಂದಳು ಥೋವಾ.

"ಹಾಗಾದ್ರೆ ನಡ್ಕೊಂಡು ಹೊರಗೆ ಬರೋಕಾಗುತ್ತಾ? ಆರೋಗ್ಯ ಕೇಂದ್ರಕ್ಕೆ ಹೋಗೋಣ. ನೀವು ಬನ್ನಿ, ನಾವು ಬರಲ್ಲ," ಎಂದು ಝೋಸ್ಯಾ ಅಮ್ಮನ ಮಾತನ್ನು ತಿಳಿಸಿದಳು.

ಹೊರಗೆ ಬರುವುದಕ್ಕೆ ಯಾವ ದೋಷವೂ ಇಲ್ಲವಲ್ಲ! ನನಗೇ ಹೊಳೆಯದ ಮಾತು. ಖಾಂಗ್ ಹೆಂಡತಿಯ ಸೊಂಟ ಹಿಡಿದು ಹೊಸಿಲು ದಾಟಿಸಿದ. ಹಾನ್ಕಾ ಇನ್ನೊಂದು ಬದಿ ಹಿಡಿದಳು. ಮನೆ ಖಾಲಿಯಾಯಿತು. ಊದುಬತ್ತಿಯ ಹೊಗೆಯೊಂದು ಬಿಟ್ಟರೆ ಒಳಗೆ ಯಾರೂ ಇಲ್ಲ.

ದೋಣಿ ನಿಲ್ಲುವ ಕಟ್ಟೆಗೆ ಬಂದ ಮೇಲೆ ಇನ್ನೊಂದು ಅವಾಂತರ. ನನ್ನ ಮಗರಾಯ ಹಬ್ಬಕ್ಕೆ ಮುಂಚೆ ದೋಣಿಯ ಇಂಜಿನ್ ಶುಚಿ ಮಾಡುತ್ತೇನೆಂದು ಬಿಚ್ಚಿ ಹಾಕಿದ್ದ. ಜೋಡಿಸುವ ಹೊತ್ತಿಗೆ ಗೆಳೆಯರು ಬಂದರು, ಬಿಯರ್ ಬಂತು. ಇಂಜಿನ್ ನಾಲ್ಕು ಬಟ್ಟಲಲ್ಲಿ ಹರಡಿಕೊಂಡು ಮಲಗಿತ್ತು. ಹುಟ್ಟು ಹಾಕಿಕೊಂಡು ಹೋದರೆ ಕೂಸು ಕಾಲುವೆಯಲ್ಲೇ ಹುಟ್ಟಬೇಕು. ಇಂಜಿನ್ ಇರುವ ದೋಣಿ ಹತ್ತಿರದಲ್ಲಿ ಒಂದೇ. ಅದು ಯಾರದು ಎಂದು ಬೇರೆ ಹೇಳಬೇಕೆ?

ಬೇಲಿಯತ್ತ ತಿರುಗಿದೆ. ಎರಡು ವರ್ಷದಿಂದ ಆಡದ ಹೆಸರು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

"ಏ... ಲಿಯೆನ್."

"ಯಾರು ಕರೆದಿದ್ದು? ನನ್ನನ್ನಾ, ನನ್ನ ಬಾತುಕೋಳೀನಾ?"

"ನಿನ್ನನ್ನೇ ಕಣೇ. ದೋಣಿ ತೆಗಿ. ಥೋವಾಗೆ ನೋವು ಬಂದಿದೆ."

"ನನ್ನ ಕಾಲು ಸರಿ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದ್ರಲ್ಲ ತಾಮಕ್ಕ, ದೋಣಿ ಮಾತ್ರ ಸರಿ ಇದೆಯಾ?" ಎಂದು ಕೇಳಿದಳು. ಬಾಯಿ ಹೀಗೆ ಚುಚ್ಚುತ್ತಿದ್ದರೂ ಅವಳು ಆಗಲೇ ದೋಣಿಗೆ ಹಾರಿ ಇಂಜಿನ್ನಿನ ಹಗ್ಗ ಎಳೆಯುತ್ತಿದ್ದಳು. ಕೂರಲು ಮೆತ್ತಗಿರಲೆಂದು ಹಬ್ಬದ ಹೊಸ ಚಾಪೆಯನ್ನೂ ಹಾಸಿದಳು. ನಾನು ನೋಡಿದೆ. ನೋಡದವಳಂತೆ ಥೋವಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

ದೋಣಿ ಹೊರಡುವ ಹೊತ್ತಿಗೆ ಮನೆಯ ನೆನಪಾಯಿತು. ಬಾಗಿಲು ಹಾರು ಹೊಡೆದಿದೆ! ಹಬ್ಬದ ಹಾರೈಕೆ ಹೇಳಲು ಯಾವನಾದರೂ ಕುಡುಕ ನುಗ್ಗಿಬಿಟ್ಟರೆ?

"ಮಾರೆಕ್! ಯಾರನ್ನೂ ಒಳಗೆ ಬಿಡಬೇಡಪ್ಪ! ಬೆಕ್ಕನ್ನೂ ಬಿಡಬೇಡ!" ಎಂದು ಕೂಗಿದೆ.

ಝೋಸ್ಯಾ ತಿಳಿಸಿದಳು. ಮಾರೆಕ್ ನಮ್ಮ ಗೇಟಿನ ಹೊರಗೆ ನೆಲದ ಮೇಲೆ ಕೂತ. ಅವನ ಅತ್ತಿತ್ತ ಮಕ್ಕಳು ಕೂತರು.

ಆರೋಗ್ಯ ಕೇಂದ್ರದಲ್ಲಿ ಒಬ್ಬಳು ಎಳೆಯ ನರ್ಸು ಬಿಟ್ಟರೆ ಯಾರೂ ಇರಲಿಲ್ಲ. ಉಳಿದವರು ಹಬ್ಬಕ್ಕೆ ಊರಿಗೆ ಹೋಗಿ ಬರಲೆಂದು ಹಾನ್ಕಾಳೇ ರಜೆಯ ದಿನಗಳ ಪಾಳಿ ತಾನು ನೋಡಿಕೊಳ್ಳುತ್ತೇನೆ ಎಂದಿದ್ದಳಂತೆ. ಅವಳಿಗೆ ನಮ್ಮ ಭಾಷೆ ಅಷ್ಟಕ್ಕಷ್ಟೆ. ಆದರೆ ಥೋವಾಳ ಬೆನ್ನು ನೀವುತ್ತಾ ಅವಳು ಗುನುಗುತ್ತಿದ್ದುದು ಯಾವ ಭಾಷೆಯಾದರೇನು, ಥೋವಾಗೆ ತಿಳಿಯುತ್ತಿತ್ತು. ನನ್ನನ್ನು ಒಳಗಿರಲು ಬಿಟ್ಟರು. ಖಾಂಗ್ ಹೊರಗೆ ಬೆಂಚಿನ ಮೇಲೆ ಕೂತು ತನ್ನ ಇಂಜಿನ್ನನ್ನು ಶಪಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕೂಸು ಬಂತು. ಬಂತು, ಆದರೆ ಅಳಲಿಲ್ಲ.

ನಾನು ಜಗಳಗಂಟಿ, ಯಾರಿಗೂ ಹೆದರಿದವಳಲ್ಲ. ಆ ಮೌನಕ್ಕೆ ಹೆದರಿದೆ. ನೀಲಿ ಬಣ್ಣದ ಆ ಪುಟ್ಟ ಮೈಯನ್ನು ಹಾನ್ಕಾ ಬಟ್ಟೆಯಲ್ಲಿ ತಿಕ್ಕಿದಳು, ಬಾಯಿ ಮೂಗು ಒರೆಸಿದಳು, ಅಂಗಾಲು ತಟ್ಟಿದಳು. ಥೋವಾ "ಏನಾಯ್ತು? ಅತ್ತೆ, ಏನಾಯ್ತು?" ಎನ್ನುತ್ತಿದ್ದಳು. ದೇವರಿಗೆ, ಪಿತೃಗಳಿಗೆ, ನಮ್ಮ ಯಜಮಾನರಿಗೆ ಎಲ್ಲರಿಗೂ ಹರಕೆ ಹೊತ್ತೆ. ಇನ್ನು ಮೇಲೆ ಯಾರನ್ನೂ ಬೈಯುವುದಿಲ್ಲ ಎಂದೂ ಹೇಳಿಬಿಟ್ಟೆ, ಅಷ್ಟು ಭಯವಾಗಿತ್ತು.

ಆಮೇಲೆ ಒಂದು ಸಣ್ಣ ಸೀನು. ಅದರ ಬೆನ್ನಿಗೇ ಚಾವಣಿ ಹಾರಿಹೋಗುವಂಥ ಅಳು!

ಹಾನ್ಕಾ ಕೂಸನ್ನು ಎತ್ತಿ ಹಿಡಿದಳು. ಹೆಣ್ಣು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಕೂಸನ್ನು ನೋಡುತ್ತಾ, ಮುರುಕು ಮುರುಕಾದ ನಮ್ಮ ಮಾತಿನಲ್ಲಿ, ಒತ್ತಿ ಒತ್ತಿ ಹೇಳಿದಳು: "ಥೂ, ಎಂಥಾ ಕುರೂಪಿ ಕೂಸು! ಇಷ್ಟು ಕೆಟ್ಟದ್ದು ನಾನು ನೋಡೇ ಇಲ್ಲ!"

ಹುಟ್ಟಿದ ಕೂಸನ್ನು ಚೆಂದ ಅಂದರೆ ದೃಷ್ಟಿ ತಾಗುತ್ತದೆಂದು ಅವಳಿಗೆ ಯಾರು ಹೇಳಿಕೊಟ್ಟರೋ! ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ನಕ್ಕೆ. ನಗುತ್ತಾ ನಗುತ್ತಾ ಅತ್ತೆ. ಹೋದ ಜೀವ ಬಂದಿತ್ತು. "ಕಪ್ಪೆ, ಕಪ್ಪೆಮರಿ ಇದು!" ಎಂದೆ. ಮನೆಯಲ್ಲಿ ಕರೆಯಲು ಅದೇ ಹೆಸರು ಉಳಿಯಿತು.

ಮೂರನೆಯ ದಿನ ಬೆಳಿಗ್ಗೆ ಲಿಯೆನ್ ದೋಣಿಯಲ್ಲಿ ನಮ್ಮನ್ನೂ ಹಾನ್ಕಾಳನ್ನೂ ಮನೆಗೆ ಕರೆತಂದಳು. ಆ ದಿನ ಹಿರಿಯರಿಗೆ ಉಣಬಡಿಸಿ ಬೀಳ್ಕೊಡಬೇಕು. ಹಬ್ಬಕ್ಕೆಂದು ಮನೆಗೆ ಬಂದ ಪಿತೃಗಳು ತಣ್ಣಗಾದ ಸಾರಿನ ಮುಂದೆ ಉಪವಾಸ ಕೂತಿದ್ದಾರಲ್ಲ ಎಂದು ನನಗೆ ದಾರಿಯುದ್ದಕ್ಕೂ ಚಡಪಡಿಕೆ.

ಕಟ್ಟೆ ಹತ್ತಿ ನೋಡುತ್ತೇನೆ, ನಮ್ಮ ಗೇಟಿನ ಮುಂದೆ ಜಾತ್ರೆ! ಮಾರೆಕ್ ಬೆಂಚಿನ ಮೇಲೆ ಕೂತಿದ್ದ. ಎರಡು ತೆಂಗಿನ ಮರಕ್ಕೆ ಜೋಲಿ ಕಟ್ಟಿತ್ತು. ಪಕ್ಕದಲ್ಲಿ ಚಹಾ, ಖಾಲಿ ಬಟ್ಟಲುಗಳು, ಕಲ್ಲಂಗಡಿ ಸಿಪ್ಪೆ. ಸೇತುವೆ ಕೆಲಸದ ಗೆಳೆಯರು ಅವನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಆಮೇಲೆ ಲಿಯೆನ್ ಹೇಳಿದಳು. ಸಾವಿನ ಮನೆಯವನನ್ನು ಹಬ್ಬಕ್ಕೆ ಯಾರೂ ಒಳಗೆ ಕರೆಯುವ ಹಾಗಿರಲಿಲ್ಲವಲ್ಲ, ಅದಕ್ಕೆ ಊರೇ ಅವನಿದ್ದಲ್ಲಿಗೆ ಬಂತಂತೆ. ಒಬ್ಬರು ಅನ್ನ ತಂದರು, ಒಬ್ಬರು ಸೊಳ್ಳೆಪರದೆ ತಂದರು. ಅವನ ತಾಯಿ ಹೇಗಿದ್ದಳು, ಏನು ಅಡುಗೆ ಮಾಡುತ್ತಿದ್ದಳು ಎಂದು ಕೇಳಿದರಂತೆ. ಹೇಳೀ ಹೇಳೀ ಝೋಸ್ಯಾಳ ಗಂಟಲು ಕಟ್ಟಿಹೋಗಿತ್ತು.

"ಬೆಕ್ಕು ಬಂದಿತ್ತು ಅಜ್ಜಿ. ನಾನೇ ಓಡಿಸಿದೆ," ಎಂದ ಯಾನೆಕ್.

ಬಾಗಿಲು ತೆರೆದೇ ಇತ್ತು. ಹೊಸ ವರ್ಷದ ಒಂದು ಕಾಲೂ ಇನ್ನೂ ಒಳಗೆ ಬಿದ್ದಿರಲಿಲ್ಲ.

ಈಗ ಮೊದಲು ಯಾರು? ನಾನಾಗದು. ಖಾಂಗ್ ಆಗದು. ಬಾಣಂತಿ ಥೋವಾ ಆಗದು. ಲಿಯೆನ್, ಕೇಳುವುದೇ ಬೇಡ ಎಂಬಂತೆ ಆಕಾಶ ನೋಡುತ್ತಿದ್ದಳು. ನಾನು ಥೋವಾಳ ಕೈಯಲ್ಲಿದ್ದ ಕೂಸನ್ನು ನೋಡಿದೆ.

"ಮನೆಗೆ ಮೊದಲ ಸಲ ಬರ್ತಿರೋಳು ಇವಳೇ ತಾನೇ? ಇವಳೇ ಬರಲಿ."

"ಅದಕ್ಕೆ ನಡೆಯೋಕೆ ಬರುತ್ತಾ ಅಮ್ಮ? ಎತ್ಕೊಂಡು ಹೋದವರ ಕಾಲೇ ಲೆಕ್ಕಕ್ಕೆ ಬರೋದು," ಎಂದ ಖಾಂಗ್. ಅವನಿಗೆ ಬೇಡದ ಹೊತ್ತಲ್ಲಿ ಬುದ್ಧಿ ಬರುತ್ತದೆ.

"ಎತ್ಕೊಂಡೋರು ಒಳಗೆ ಹೋಗಬೇಕು ಅಂತ ಯಾರು ಹೇಳಿದ್ರು? ಹಾನ್ಕಾ, ಬಾಮ್ಮ ಇಲ್ಲಿ."

ಹಾನ್ಕಾ ಹಿಂದಕ್ಕೆ ಸರಿದಳು. ಝೋಸ್ಯಾ ಮೆಲ್ಲಗೆ, "ಅಜ್ಜಿ, ನಾವು ಸೂತಕದವರು ಅಂತಿದ್ದಾರೆ ಅಮ್ಮ," ಎಂದಳು.

"ಹೇಳು ನಿಮ್ಮಮ್ಮಂಗೆ. ನೀಲಿಗಟ್ಟಿದ್ದ ಕೂಸಿಗೆ ಉಸಿರು ಕೊಟ್ಟಿದ್ದು ಈ ಕೈ. ಇದಕ್ಕೆ ಯಾವ ಸೂತಕ? ಇನ್ನು ಎದುರು ಮಾತಾಡಿದ್ರೆ ನನಗೆ ಕೋಪ ಬರುತ್ತೆ!"

ಬೈಯುವುದಿಲ್ಲ ಎಂದು ಹೊತ್ತ ಹರಕೆ ಅಲ್ಲಿಗೆ ಮುಗಿಯಿತು. ಹಾನ್ಕಾ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ತನ್ನ ಕಾಲು ಹೊಸಿಲ ಹೊರಗೇ ಊರಿ, ತೋಳು ಚಾಚಿ, ಬಗ್ಗಿ, ಕಪ್ಪೆಮರಿಯ ಅಂಗಾಲನ್ನು ನಮ್ಮ ಮನೆಯ ನೆಲಕ್ಕೆ ಮುಟ್ಟಿಸಿದಳು. ತಣ್ಣನೆಯ ನೆಲ ತಾಗಿದ್ದೇ ತಡ, ಕೂಸು ಊರಿಗೆಲ್ಲ ಕೇಳುವಂತೆ ಕಿರುಚಿತು.

"ಅಜ್ಜಿಯದೇ ಗಂಟಲು!" ಎಂದಳು ಲಿಯೆನ್. ಗೇಟಿನವರೆಲ್ಲ ನಕ್ಕರು, ಥೋವಾಳೂ ನಕ್ಕಳು. ಅವಳು ಹಾಗೆ ನಕ್ಕು ಎರಡು ವರ್ಷವಾಗಿತ್ತು.

ಆಮೇಲೆ ಯಾರ ಕಾಲಿಗೂ ಅಡ್ಡಿಯಿಲ್ಲ. "ಬಾರಪ್ಪ, ಬಂದು ಬಿಡು," ಎಂದು ನಾನೇ ಮಾರೆಕ್‌ನ ತೋಳು ಹಿಡಿದು ಒಳಗೆ ಕರೆದೊಯ್ದೆ. ಹಳಸಿದ್ದನ್ನೆಲ್ಲ ತೆಗೆದು ಹೊಸದಾಗಿ ಅನ್ನ ಮಾಡಿದೆ. ಪಿತೃಗಳಿಗೆ ಬಡಿಸುವಾಗ ಪೀಠದ ಪಕ್ಕದಲ್ಲಿ ಒಂದು ಸಣ್ಣ ಮೇಜು ಹಾಕಿ, ಇನ್ನೊಂದು ಬಟ್ಟಲು, ಒಂದು ಜೊತೆ ಊಟದ ಕಡ್ಡಿ ಇಟ್ಟೆ.

"ನಿಮ್ಮಜ್ಜಿ ಹೆಸರೇನು ಮಗು?" ಎಂದು ಝೋಸ್ಯಾಳನ್ನು ಕೇಳಿದೆ.

"ಸ್ತೆಫಾನಿಯಾ."

ನನ್ನ ನಾಲಿಗೆಗೆ ಅದು ಪೂರ್ತಿ ಹೊರಳಲಿಲ್ಲ. ಊದುಬತ್ತಿ ಹಚ್ಚಿ, ಬಂದಷ್ಟು ಹೇಳಿದೆ. "ಸ್ತೆಫಾ ತಾಯಿ, ಬಾಮ್ಮ. ದೂರದಿಂದ ಬರಬೇಕು, ಗೊತ್ತು. ನಿನ್ನ ಮಗ ಹಬ್ಬವೆಲ್ಲ ನನ್ನ ಮನೆ ಬಾಗಿಲು ಕಾದ. ನಿನ್ನ ಸೊಸೆ ನನ್ನ ಮೊಮ್ಮಗಳನ್ನ ಉಳಿಸಿಕೊಟ್ಟಳು. ಕೂತ್ಕೊಂಡು ಊಟ ಮಾಡು."

ಝೋಸ್ಯಾ ಅದನ್ನು ತಿಳಿಸಬೇಕಾಗಿರಲಿಲ್ಲ. ಮಾರೆಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ತಾಯಿ ಸತ್ತ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತ. ಯಾರೂ ತಡೆಯಲಿಲ್ಲ. ಹಾನ್ಕಾ ಅವನ ಬೆನ್ನು ನೀವಿದಳು, ಥೋವಾಗೆ ನೀವಿದಂತೆಯೇ. ಅತ್ತು ಮುಗಿದ ಮೇಲೆ ಅವನ ಮುಖ ಹಗುರವಾಯಿತು. ಅನ್ನ ಕೇಳಿ ಹಾಕಿಸಿಕೊಂಡ.

ಎಲ್ಲರಿಗೂ ಬಡಿಸಿ ತಿರುಗಿದರೆ ಲಿಯೆನ್ ಇನ್ನೂ ಹೊಸಿಲ ಹೊರಗೇ ನಿಂತಿದ್ದಾಳೆ.

"ಅಲ್ಲಾ ತಾಮಕ್ಕ, ಕಂಡು ಕೇಳದ ಊರಿನ ಸತ್ತವರಿಗೂ ಬಟ್ಟಲು ಇಟ್ರಿ. ನನಗೊಂದು ಇಡಬೇಕಾದ್ರೆ ನಾನೂ ಸಾಯ್ಬೇಕಾ?"

"ಬಾಯಿ ಮುಚ್ಚೇ! ಹಬ್ಬದ ದಿನ ಎಂಥಾ ಮಾತಾಡ್ತೀಯ!" ಎಂದು ಬೈಯುತ್ತಾ ಹೋಗಿ, ಅವಳ ಕೈ ಹಿಡಿದು ಒಳಗೆ ಎಳೆದುಕೊಂಡೆ. ಅವಳ ಹಿಂದೆಯೇ ಒಂದು ಬಾತುಕೋಳಿಯೂ ಹೊಸಿಲು ದಾಟಿ ಬಂತು. ನಾನು ಏನೂ ಅನ್ನಲಿಲ್ಲ.